ಕಾಡಂಚಿನ ಚಕ್ಕಡಿ ದಾರಿಯಲ್ಲಿ ಸೈಕಲ್: ನಂದಗಡ, ಹಲಸಿ, ಕಿತ್ತೂರು ಸುತ್ತುವ ಬಗೆ

ಬೆಳಗಾವಿಯಿಂದ ದಕ್ಷಿಣಕ್ಕೆ ಖಾನಾಪುರದ ಕಡೆ ಹೊರಟರೆ ಎರೆಭೂಮಿ ಹಿಂದೆ ಉಳಿದು ಕೆಂಪು ನೆಲ ತೊಡಗುತ್ತದೆ. ಪಶ್ಚಿಮಕ್ಕೆ ಹೊರಳಿದಷ್ಟೂ ಮಳೆ ಹೆಚ್ಚುತ್ತದೆ, ಮರಗಳು ಒತ್ತಾಗುತ್ತವೆ, ಮಲಪ್ರಭೆ ಹುಟ್ಟುವ ಕಣಕುಂಬಿಯ ಹೊತ್ತಿಗೆ ಸಹ್ಯಾದ್ರಿಯ ನೆತ್ತಿಯೇ ಬಂದಿರುತ್ತದೆ. ಈ ಬಯಲಿಗೂ ಆ ದಟ್ಟ ಕಾಡಿಗೂ ನಡುವೆ ಇರುವ ಪಟ್ಟಿಯಲ್ಲಿ ನಂದಗಡ, ಹಲಸಿ, ಬೀಡಿ, ಕಿತ್ತೂರು ಮುಂತಾದ ಊರುಗಳಿವೆ. ದಪ್ಪ ಟೈರಿನ ಗುಡ್ಡಗಾಡು ಸೈಕಲ್ಲಿಗೆ ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಒಪ್ಪುವ ನೆಲ ಬೇರೆ ಇಲ್ಲ ಎಂಬುದು ಈ ಲೇಖಕನ ಅಭಿಪ್ರಾಯ. ವಿಜಯಪುರ ಮತ್ತು ಬಾಗಲಕೋಟೆಯ ಹುಡುಗ ಹುಡುಗಿಯರು ಡಾಂಬರು ರಸ್ತೆಯ ಸೈಕಲ್ ಸ್ಪರ್ಧೆಗಳಲ್ಲಿ ದೇಶದ ಮಟ್ಟದ ಪದಕಗಳನ್ನು ತಂದಿರುವಾಗ, ಮಣ್ಣು ದಾರಿಯ ಸವಾರಿಯನ್ನು ಮಾತ್ರ ನಾವು ಹೊರಗಿನಿಂದ ಬಂದವರಿಗೆ ಬಿಟ್ಟುಕೊಟ್ಟಿದ್ದೇವೆ. ಅದನ್ನು ಸರಿಯಾಗಿ ತೊಡಗುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಮಾಡಬೇಕಾದುದು ಎಲ್ಲಿಗೆ ಹೋಗಬಾರದು ಎಂಬ ನಿರ್ಧಾರ. ಖಾನಾಪುರ ತಾಲ್ಲೂಕಿನ ನೈರುತ್ಯಕ್ಕಿರುವ ಭೀಮಗಡ 2011ರಲ್ಲಿ ವನ್ಯಜೀವಿ ಅಭಯಾರಣ್ಯವೆಂದು ಘೋಷಿತವಾಗಿದ್ದು, ಅದರ ವಿಸ್ತೀರ್ಣ ಸುಮಾರು 190 ಚದರ ಕಿಲೋಮೀಟರ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅದರೊಳಗೆ ಸುತ್ತಾಡುವುದು ಅಪರಾಧವಾಗುತ್ತದೆ. ಮೊಬೈಲಿನ ನಕ್ಷೆಯಲ್ಲಿ ತೆಳ್ಳಗಿನ ಚುಕ್ಕೆಗೆರೆಯಾಗಿ ಕಾಣುವ ಎಷ್ಟೋ ಕಾಲುದಾರಿಗಳು ಈ ಗಡಿಯೊಳಗೆ ಹಾಯುತ್ತವೆ. ನಕ್ಷೆ ದಾರಿಯನ್ನು ತೋರಿಸುತ್ತದೆಯೇ ಹೊರತು ಅಲ್ಲಿ ಹೋಗಬಹುದೇ ಎಂಬುದನ್ನು ಹೇಳುವುದಿಲ್ಲ. ಗಡಿಯ ಹೊರಗಿನ ಮೀಸಲು ಅರಣ್ಯದಲ್ಲಿಯೂ ಊರಿಂದೂರಿಗೆ ಹೋಗುವ ರಸ್ತೆಯನ್ನು ಬಿಟ್ಟು ಇಳಿಯಬೇಕೆಂದರೆ ಆಯಾ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಕ್ಷೇಮ. ದಟ್ಟ ಕಾಡೇ ಬೇಕೆಂಬ ಹಟವಿಲ್ಲದವರಿಗೆ ಇದರಿಂದ ನಷ್ಟವೇನೂ ಇಲ್ಲ. ಚಕ್ಕಡಿ, ಟ್ರ್ಯಾಕ್ಟರು ಮತ್ತು ದನಕರುಗಳು ದಿನವೂ ಓಡಾಡಿ ಗಟ್ಟಿಗೊಳಿಸಿದ ಕಾಡಂಚಿನ ದಾರಿಗಳಲ್ಲಿ ಏರು, ಇಳುಕಲು, ತಿರುವು, ಹಳ್ಳ ಎಲ್ಲವೂ ಸಿಗುತ್ತವೆ, ಜೊತೆಗೆ ಸೈಕಲ್ ಕೆಟ್ಟರೆ ಕೂಗಳತೆಯಲ್ಲಿ ಮನುಷ್ಯರೂ ಇರುತ್ತಾರೆ.

ಕಾಲವನ್ನು ಆರಿಸುವುದು ಎರಡನೆಯ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳ್ಳಗಳು ತುಂಬಿ ಹರಿಯುತ್ತವೆ, ತಗ್ಗು ಸೇತುವೆಗಳ ಮೇಲೆ ನೀರು ಬರುತ್ತದೆ, ಕೆಂಪು ಕಲ್ಲಿನ ಮೇಲೆ ಪಾಚಿ ಕಟ್ಟುತ್ತದೆ. ಆಗ ಮಣ್ಣು ದಾರಿಯ ಸವಾರಿಯನ್ನು ಪೂರ್ತಿ ಕೈಬಿಡುವುದೇ ಸರಿ. ಅಕ್ಟೋಬರ್ ಕೊನೆಯಿಂದ ಫೆಬ್ರುವರಿ ನಡುವಿನವರೆಗಿನ ಕಾಲ ಅತ್ಯುತ್ತಮವಾದರೂ ಅದಕ್ಕೂ ತನ್ನದೇ ತೊಡಕುಗಳಿವೆ: ಭತ್ತದ ಸುಗ್ಗಿಯಲ್ಲಿ ರೈತರು ರಸ್ತೆಯ ಅಂಚಿನಲ್ಲಿಯೇ ಕಾಳು ಹರವಿರುತ್ತಾರೆ, ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರುಗಳು ರಸ್ತೆಯ ಅಗಲವನ್ನೆಲ್ಲ ಆಕ್ರಮಿಸಿ ಬರುತ್ತವೆ. ಕಾಳಿನ ಮೇಲೆ ಗಾಲಿ ಹಾಯಿಸದೆ ಇಳಿದು ಸುತ್ತಿಕೊಂಡು ಹೋಗಬೇಕು. ಕಬ್ಬಿನ ಟ್ರೇಲರ್ ಎದುರಾದರೆ ರಸ್ತೆ ಬಿಟ್ಟು ನಿಲ್ಲಬೇಕು. ಫೆಬ್ರುವರಿ ಕಳೆದ ಮೇಲೆ ಸಾಗವಾನಿಯ ಅಗಲವಾದ ಎಲೆಗಳು ಉದುರಿ ದಾರಿಯ ಕಲ್ಲು ಕುಳಿಗಳನ್ನು ಮುಚ್ಚುತ್ತವೆ, ಬಿಸಿಲೂ ಏರುತ್ತದೆ, ಕಾಡ್ಗಿಚ್ಚಿನ ಭಯವೂ ಇರುತ್ತದೆ.

ಇನ್ನು ಸೈಕಲ್. ಮುಂದೆ ಮಾತ್ರ ಶಾಕ್ ಇರುವ, ಹಿಂಭಾಗ ಗಟ್ಟಿಯಾಗಿರುವ ಸೈಕಲ್ ಇಲ್ಲಿಗೆ ಧಾರಾಳವಾಗಿ ಸಾಕು. ಮುಂಭಾಗದ ಶಾಕ್ 100 ಮಿಲಿಮೀಟರ್‌ನಷ್ಟು ಕುಗ್ಗುವಂತಿದ್ದರೆ ಚಕ್ಕಡಿ ದಾರಿಯ ಹೊಡೆತಗಳನ್ನು ತಡೆದುಕೊಳ್ಳುತ್ತದೆ. ಹಿಂದೆಯೂ ಶಾಕ್ ಇರುವ ಅಗ್ಗದ ಸೈಕಲ್ಲುಗಳು ಅಂಗಡಿಯಲ್ಲಿ ಕಣ್ಣು ಸೆಳೆಯುತ್ತವೆ, ಆದರೆ ಏರಿನಲ್ಲಿ ತುಳಿದ ಬಲವೆಲ್ಲ ಸ್ಪ್ರಿಂಗಿಗೆ ಹೋಗುತ್ತದೆ ಮತ್ತು ತೂಕ ಹೆಚ್ಚುತ್ತದೆ. ಆ ಹಣವನ್ನು ಒಳ್ಳೆಯ ಟೈರು ಮತ್ತು ಡಿಸ್ಕ್ ಬ್ರೇಕಿಗೆ ಹಾಕುವುದು ಮೇಲು. ಟೈರಿನ ಅಗಲ 2.1 ಇಂಚಿಗೆ ಕಡಿಮೆಯಿರಬಾರದು. ಟ್ಯೂಬಿನ ಮೂತಿಯನ್ನು ಒಮ್ಮೆ ನೋಡಿಕೊಳ್ಳಿ: ಮೋಟಾರ್ ಸೈಕಲ್ಲಿಗಿರುವಂಥ ದಪ್ಪ ಮೂತಿಯಾದರೆ ಯಾವ ಊರಿನ ಪಂಕ್ಚರ್ ಅಂಗಡಿಯಲ್ಲಿಯೂ ಗಾಳಿ ಸಿಗುತ್ತದೆ, ಸಣ್ಣ ಮೂತಿಯ ಪ್ರೆಸ್ಟಾ ಆದರೆ ಅದಕ್ಕೆ ಹಾಕುವ ಹಿತ್ತಾಳೆಯ ಅಡಾಪ್ಟರ್ ಜೇಬಿನಲ್ಲಿರಬೇಕು.

ಗಾಳಿಯ ವಿಷಯದಲ್ಲಿ ಹೊಸಬರು ಸಾಮಾನ್ಯವಾಗಿ ತಪ್ಪುತ್ತಾರೆ. ಟೈರು ಕಲ್ಲಿನಂತಿರಬೇಕು ಎಂಬ ನಂಬಿಕೆ ಡಾಂಬರು ರಸ್ತೆಯದು. ಈ ಭಾಗದ ಜಂಬಿಟ್ಟಿಗೆ ನೆಲ ಒಣಗಿದಾಗ ಮೇಲ್ಪದರ ಗುಂಡು ಹರಳುಗಳಾಗಿ ಬಿಡಿಬಿಡಿಯಾಗುತ್ತದೆ. ಅದರ ಮೇಲೆ ಬಿಗಿ ಗಾಳಿಯ ಟೈರು ಓಡಿಸುವುದು ಕಡಲೆ ಹರವಿದ ಅಂಗಳದಲ್ಲಿ ಓಡಿದ ಹಾಗೆ. ಅರವತ್ತು ಎಪ್ಪತ್ತು ಕಿಲೋ ತೂಗುವವರು ಟ್ಯೂಬ್ ಇರುವ ಟೈರಿನಲ್ಲಿ ಹಿಂದೆ 30ರಿಂದ 32, ಮುಂದೆ 26ರಿಂದ 28 ಪಿ.ಎಸ್.ಐ. ಒತ್ತಡವನ್ನು ಇಟ್ಟುಕೊಂಡು ತೊಡಗಬಹುದು. ಆಗ ಟೈರು ತುಸು ಚಪ್ಪಟೆಯಾಗಿ ನೆಲವನ್ನು ಹಿಡಿಯುತ್ತದೆ. ಇದಕ್ಕಿಂತ ತೀರ ಇಳಿಸಿದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿನ ನಡುವೆ ಸಿಕ್ಕು ಜೋಡಿ ಸೀಳು ಬೀಳುತ್ತದೆ. ಪಂಕ್ಚರ್ ತೆಗೆಯುವಾಗ ಎರಡು ಸಮಾನಾಂತರ ಸೀಳು ಕಂಡರೆ ಕಾರಣ ಮುಳ್ಳಲ್ಲ, ಕಡಿಮೆ ಗಾಳಿ ಎಂದು ತಿಳಿಯಬೇಕು. ಪೂರ್ವಕ್ಕೆ ಕಿತ್ತೂರಿನ ಕಡೆ ಬಂದಂತೆ ಜಾಲಿಯ ಮುಳ್ಳೇ ಮುಖ್ಯ ಶತ್ರುವಾಗುವುದರಿಂದ ಎರಡು ಹೆಚ್ಚುವರಿ ಟ್ಯೂಬ್, ಟೈರು ಎತ್ತುವ ಪಟ್ಟಿಗಳು, ಕೈಪಂಪು, ಪ್ಯಾಚು, ಬಹುಪಯೋಗಿ ಪಾನಾ ಮತ್ತು ಚೈನಿನ ಒಂದು ಬಿಡಿ ಕೊಂಡಿ ಚೀಲದಲ್ಲಿರಬೇಕು.

ಹೆಲ್ಮೆಟ್ಟು ಮತ್ತು ಕೈಗವಸಿನ ಬಗ್ಗೆ ಚರ್ಚೆಯೇ ಬೇಡ. ನೀರು ಒಬ್ಬರಿಗೆ ಮೂರು ಲೀಟರ್, ಜೊತೆಗೆ ಓ.ಆರ್.ಎಸ್. ಪೊಟ್ಟಣಗಳು. ತಿನ್ನಲು ಪೇಟೆಯ ಎನರ್ಜಿ ಬಾರ್ ಹುಡುಕುವ ಅಗತ್ಯ ನಮ್ಮ ಜಿಲ್ಲೆಯವರಿಗಿಲ್ಲ. ಬೆಲ್ಲ, ಅಂಟು ಮತ್ತು ಒಣಹಣ್ಣು ಸೇರಿದ ಗೋಕಾಕದ ಕರದಂಟು ಜೇಬಿನಲ್ಲಿ ಕರಗದೆ, ಪುಡಿಯಾಗದೆ, ಸಂಜೆಯವರೆಗೂ ಉಳಿಯುತ್ತದೆ. ಕುಂದಾ ಮಾತ್ರ ಮನೆಗೆ ಮರಳಿದ ಮೇಲೆ ಆಗಬೇಕಾದ ಮಾತು.

ಹೊರಡುವ ಮುನ್ನ ಒಂದೆರಡು ವಾರ ಹತ್ತಿರದ ಗುಡ್ಡದಲ್ಲಿ ಅಭ್ಯಾಸ ಮಾಡುವುದು ಒಳ್ಳೆಯದು. ಯಳ್ಳೂರಿನ ಬಳಿಯ ರಾಜಹಂಸಗಡದ ಏರು ಬೆಳಗಾವಿಯವರಿಗೆ ಹೇಳಿ ಮಾಡಿಸಿದಂತಿದೆ. ಏರಿಗೆ ಕಾಲಿಡುವ ಮೊದಲೇ ಹಗುರ ಗೇರಿಗೆ ಬದಲಿಸಬೇಕು. ಅರ್ಧ ಏರಿದ ಮೇಲೆ ಬಲವಾಗಿ ತುಳಿಯುತ್ತ ಗೇರು ಬದಲಿಸಿದರೆ ಚೈನು ಕಳಚುತ್ತದೆ ಅಥವಾ ಕತ್ತರಿಸುತ್ತದೆ. ಕಡಿದಾದ ಕಡೆ ಎದ್ದು ನಿಂತು ತುಳಿಯದೆ, ಸೀಟಿನ ಮೂತಿಗೆ ಸರಿದು ಕುಳಿತು ಎದೆಯನ್ನು ಹ್ಯಾಂಡಲ್ ಕಡೆ ಬಾಗಿಸಬೇಕು. ನಿಂತರೆ ಹಿಂದಿನ ಗಾಲಿಯ ಮೇಲಿನ ಭಾರ ತಪ್ಪಿ ಅದು ಹರಳಿನಲ್ಲಿ ಸುತ್ತುತ್ತ ಉಳಿಯುತ್ತದೆ.

ಇಳಿಯುವುದೇ ನಿಜವಾದ ವಿದ್ಯೆ. ಸೀಟನ್ನು ನಾಲ್ಕೈದು ಸೆಂಟಿಮೀಟರ್ ಇಳಿಸಿ, ಎರಡೂ ಪೆಡಲುಗಳನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು, ಸೀಟಿನಿಂದ ಎದ್ದು ಸೊಂಟವನ್ನು ಹಿಂದಕ್ಕೆ ಒಯ್ದು, ಮೊಣಕೈ ಮೊಣಕಾಲುಗಳನ್ನು ಸಡಿಲವಾಗಿ ಮಡಿಸಿಕೊಂಡರೆ ದೇಹವೇ ಎರಡನೆಯ ಶಾಕ್ ಆಗಿ ಕೆಲಸ ಮಾಡುತ್ತದೆ. ಸೈಕಲ್ಲನ್ನು ಹೆಚ್ಚು ನಿಲ್ಲಿಸುವುದು ಮುಂದಿನ ಬ್ರೇಕು. ಅದಕ್ಕೆ ಹೆದರಿ ಹಿಂದಿನದನ್ನೇ ಒತ್ತುವವರು ಜಾರುತ್ತ ಹೋಗುತ್ತಾರೆ, ಒಮ್ಮೆಲೇ ಹಿಂಡುವವರು ಮುಂದಕ್ಕೆ ಮಗುಚುತ್ತಾರೆ. ಎರಡನ್ನೂ ಒಂದು ಅಥವಾ ಎರಡು ಬೆರಳಿನಿಂದ ಮೆಲ್ಲಗೆ ಒತ್ತುತ್ತ, ವೇಗವನ್ನು ತಿರುವಿನ ಮೊದಲೇ ತಗ್ಗಿಸಿ, ತಿರುವಿನೊಳಗೆ ಬ್ರೇಕನ್ನು ಬಿಡಬೇಕು. ದೃಷ್ಟಿ ಮುಂದಿನ ಗಾಲಿಯ ಬುಡದಲ್ಲಿರದೆ ಹತ್ತು ಹದಿನೈದು ಮೀಟರ್ ಆಚೆ ಇರಬೇಕು. ತಪ್ಪಿಸಬೇಕಾದ ಕಲ್ಲನ್ನೇ ದಿಟ್ಟಿಸಿದರೆ ಗಾಲಿಯೂ ಅಲ್ಲಿಗೇ ಹೋಗುತ್ತದೆ.

ನಮ್ಮ ಕಡೆಯ ವಿಶೇಷವೆಂದರೆ ಚಕ್ಕಡಿ ಮತ್ತು ಟ್ರ್ಯಾಕ್ಟರಿನ ಗಾಲಿಗಳು ಮಳೆಗಾಲದಲ್ಲಿ ಕೊರೆದು ಬೇಸಿಗೆಯಲ್ಲಿ ಗಟ್ಟಿಯಾಗಿ ನಿಂತ ಜಾಡುಗಳು. ಇದರಲ್ಲಿ ಬೀಳುವವರೇ ಹೆಚ್ಚು. ಜಾಡಿನೊಳಗೆ ಇಳಿದಿರಾದರೆ ನೇರವಾಗಿ ಅದರಲ್ಲಿಯೇ ಸಾಗಬೇಕು, ಗೋಡೆಗೆ ಟೈರು ಉಜ್ಜಲು ಬಿಡಬಾರದು. ಹೊರಬರಬೇಕೆಂದರೆ ಜಾಡು ತೆಳುವಾಗುವ ಜಾಗದವರೆಗೆ ಕಾದು, ಹ್ಯಾಂಡಲ್ಲನ್ನು ತುಸು ಎತ್ತಿ, ಗೋಡೆಗೆ ಆದಷ್ಟೂ ಅಡ್ಡಲಾಗಿ ದಾಟಬೇಕು. ಓರೆಯಾಗಿ ಹತ್ತಲು ಹೋದರೆ ಮುಂದಿನ ಗಾಲಿ ಜಾರಿ ಮರಳಿ ಒಳಕ್ಕೇ ಬೀಳುತ್ತದೆ, ಸವಾರ ಹೊರಕ್ಕೆ ಬೀಳುತ್ತಾನೆ. ಎರಡು ಜಾಡುಗಳ ನಡುವಿನ ಹುಲ್ಲಿನ ದಿಬ್ಬ ಆಕರ್ಷಕವಾಗಿ ಕಂಡರೂ ಹುಲ್ಲಿನಡಿ ಏನಿದೆ ಎಂಬುದು ತಿಳಿಯದು. ಅಕಾಲಿಕ ಮಳೆ ಬಂದು ಎರೆಮಣ್ಣಿನ ಹೊಲದ ದಾರಿಯಲ್ಲಿ ಸಿಕ್ಕಿಬಿದ್ದರೆ ತುಳಿಯುವ ಸಾಹಸವೇ ಬೇಡ. ಆ ಜೇಡಿ ನೀರು ಕುಡಿದು ಉಬ್ಬಿ ಟೈರಿಗೂ ಚೌಕಟ್ಟಿಗೂ ನಡುವೆ ತುಂಬಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಕಡ್ಡಿಯಿಂದ ಕೆರೆದು ತೆಗೆದು, ಬದುವಿನ ಹುಲ್ಲಿನ ಮೇಲೆ ಸೈಕಲ್ಲನ್ನು ಹೊತ್ತು ನಡೆಯುವುದೊಂದೇ ಉಪಾಯ.

ಹಳ್ಳ ದಾಟುವಾಗಲೂ ಇಳಿಯುವುದೇ ಸರಿ. ನೀರು ಮೊಣಕಾಲಿಗಿಂತ ಮೇಲಿದ್ದರೆ ಅಥವಾ ಕೆಂಪಾಗಿ ರಭಸದಿಂದ ಹರಿಯುತ್ತಿದ್ದರೆ ಹಿಂದಿರುಗಬೇಕು. ಕಡಿಮೆಯಿದ್ದರೆ ಸೈಕಲ್ಲನ್ನು ನೀರು ಹರಿದುಹೋಗುವ ಬದಿಯಲ್ಲಿ ಹಿಡಿದು ನಡೆಯಬೇಕು. ಬರುವ ಬದಿಯಲ್ಲಿ ಹಿಡಿದರೆ ನೀರಿನ ಒತ್ತಡಕ್ಕೆ ಸೈಕಲ್ಲೇ ನಿಮ್ಮನ್ನು ಕೆಡವುತ್ತದೆ.

ದಾರಿಯನ್ನು ಹೀಗೆ ಯೋಜಿಸಬಹುದು. ಬೆಳಗಾವಿಯಿಂದ ಖಾನಾಪುರದವರೆಗಿನ ಹೆದ್ದಾರಿಯಲ್ಲಿ ಗೋವಾ ಕಡೆಯ ಲಾರಿಗಳ ನಡುವೆ ತುಳಿಯುವುದರಿಂದ ಆಯಾಸವಲ್ಲದೆ ಬೇರೇನೂ ಸಿಗದು. ಸುಮಾರು 26 ಕಿಲೋಮೀಟರಿನ ಈ ಭಾಗವನ್ನು ಸೈಕಲ್ಲನ್ನು ಟಂಟಂ ಅಥವಾ ಜೀಪಿಗೆ ಹಾಕಿ ಮುಗಿಸಿ, ಬೆಳಗಿನ ಮಂಜು ಸರಿದ ಮೇಲೆ ಖಾನಾಪುರದಿಂದ ತುಳಿಯಲು ತೊಡಗಬೇಕು. ಮೊದಲ ನಿಲುಗಡೆ ನಂದಗಡ. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ಇಲ್ಲಿಯೇ. ಆತನ ಸಮಾಧಿಯೂ ಇಲ್ಲಿದೆ. ಜನ ಹರಕೆ ಹೊತ್ತು ಬರುವ ಜಾಗವಾದ್ದರಿಂದ ಸೈಕಲ್ಲನ್ನು ದೂರದಲ್ಲಿ ನಿಲ್ಲಿಸಿ ನಡೆದು ಹೋಗುವುದು ಮರ್ಯಾದೆ.

ನಂದಗಡದಿಂದ ಹಲಸಿಗೆ ಹೊಲ, ಕುರುಚಲು, ಸಾಗವಾನಿ ತೋಪುಗಳ ನಡುವೆ ಸಾಗಬೇಕು. ಕವಲುಗಳು ಬಂದಾಗ ನಕ್ಷೆಗಿಂತ ಮನುಷ್ಯರನ್ನು ನಂಬುವುದು ವಾಸಿ, ಮೊಬೈಲಿನ ಸಿಗ್ನಲ್ಲೂ ಅಲ್ಲಲ್ಲಿ ಕೈಕೊಡುತ್ತದೆ. ಸೈಕಲ್ ಇಳಿದು, ಹೆಲ್ಮೆಟ್ ತೆಗೆದು, ‘ಕಾಕಾ, ಹಲಸಿಗೆ ಹೋಗೂ ದಾರಿ ಇದ ಏನ್ರಿ?’ ಎಂದರೆ ದಾರಿಯ ಜೊತೆಗೆ ಮುಂದಿನ ಹಳ್ಳದಲ್ಲಿ ನೀರೆಷ್ಟಿದೆ ಎಂಬುದೂ ತಿಳಿಯುತ್ತದೆ. ಕನ್ನಡ, ಮರಾಠಿ ಎರಡೂ ಇಲ್ಲಿ ನಡೆಯುತ್ತವೆ. ಹಲಸಿ ಬನವಾಸಿ ಕದಂಬರ ಎರಡನೆಯ ರಾಜಧಾನಿಯಾಗಿದ್ದ ಪಲಾಶಿಕೆ. ಗೋವಾ ಕದಂಬರ ಕಾಲದ, 12ನೇ ಶತಮಾನದ ಭೂವರಾಹ ನರಸಿಂಹ ದೇವಾಲಯದಲ್ಲಿ ಎರಡು ಗರ್ಭಗುಡಿಗಳು ಒಂದಕ್ಕೊಂದು ಎದುರಾಗಿವೆ: ಒಂದರಲ್ಲಿ ನರಸಿಂಹ, ಇನ್ನೊಂದರಲ್ಲಿ ಭೂವರಾಹ. ಹೊರಗಿನ ಬಿಸಿಲಿನಿಂದ ಬಂದವರು ಕಣ್ಣು ಹೊಂದಿಕೊಳ್ಳುವವರೆಗೆ ನಡುವಿನ ಮಂಟಪದಲ್ಲಿ ಕುಳಿತುಕೊಂಡರೆ ಎರಡನ್ನೂ ಒಂದೇ ಕಡೆಯಿಂದ ನೋಡಬಹುದು. ಇಲ್ಲಿ ಕನಿಷ್ಠ ಒಂದು ಗಂಟೆ ಕೊಡಬೇಕು. ಹತ್ತು ನಿಮಿಷದಲ್ಲಿ ಫೋಟೊ ತೆಗೆದು ಹೊರಡುವುದಾದರೆ ಇಷ್ಟು ದೂರ ತುಳಿದು ಬಂದುದಕ್ಕೆ ಅರ್ಥವಿಲ್ಲ. ಹೊಸಬರು ಇಲ್ಲಿಂದಲೇ ಖಾನಾಪುರಕ್ಕೆ ಮರಳಬಹುದು, ಅರ್ಧ ದಿನದ ಸುತ್ತಾಗುತ್ತದೆ.

ಮೈಗೂಡಿದವರು ಬೀಡಿಯ ಮೇಲೆ ಕಿತ್ತೂರಿಗೆ ಸಾಗಬಹುದು. ಕಾಡು ತೆಳುವಾಗಿ ನೆಲ ಕಪ್ಪಾಗುವುದು ಈ ಭಾಗದಲ್ಲಿ ಕಣ್ಣಿಗೆ ಕಾಣುತ್ತದೆ. 1824ರ ಅಕ್ಟೋಬರ್ 23ರ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತದ್ದು ಕಿತ್ತೂರಿನಲ್ಲಿ. ಚೆನ್ನಮ್ಮನ ಕೋಟೆಯೊಳಗೆ ಅರಮನೆಯ ಅವಶೇಷವೂ ವಸ್ತುಸಂಗ್ರಹಾಲಯವೂ ಇವೆ. ಸಮೀಪದ ದೇಗಾಂವಿಯಲ್ಲಿ ಗೋವಾ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದ, 12ನೇ ಶತಮಾನದ ಕಮಲನಾರಾಯಣ ದೇವಾಲಯವಿದೆ. ಮಹದಾಯಿಯ ಉಗಮದ ಬಳಿ, ಕಾಡಿನೊಳಗೆ, ಇದೇ ಹೆಸರನ್ನು ಹೋಲುವ ಇನ್ನೊಂದು ಊರಿರುವುದರಿಂದ ದಾರಿ ಕೇಳುವಾಗ ‘ಕಿತ್ತೂರ ಹತ್ತಿರದ್ದು’ ಎಂದು ಸೇರಿಸಬೇಕು, ನಕ್ಷೆಯಲ್ಲಿ ಗುರುತು ಹಾಕುವಾಗಲೂ ನೋಡಿಕೊಳ್ಳಬೇಕು.

ಪ್ರಾಣಿಗಳ ಮಾತು ಉಳಿಯಿತು. ಅಭಯಾರಣ್ಯದ ಗಡಿ ದೂರವಿದೆ ಎಂಬ ಕಾರಣಕ್ಕೆ ಕಾಡುಕೋಣ, ಕರಡಿಗಳು ಗಡಿಯಲ್ಲಿ ನಿಲ್ಲುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಐದರ ನಂತರ ಮರಗಳ ನಡುವೆ ಇರಬಾರದು. ಕಾಡುಕೋಣ ಕಂಡರೆ ಬೆಲ್ ಬಾರಿಸದೆ, ಫೋಟೊಕ್ಕಾಗಿ ಹತ್ತಿರ ಹೋಗದೆ, ಸದ್ದಿಲ್ಲದೆ ಹಿಂದೆ ಸರಿದು ಅದು ದಾಟುವವರೆಗೆ ಕಾಯಬೇಕು. ಎಮ್ಮೆ ದನಗಳ ಹಿಂಡು ಬಂದರೆ ಬದಿಗೆ ನಿಂತು ದನ ಕಾಯುವವರು ಹೇಳಿದ ಮೇಲೆಯೇ ಮುಂದುವರಿಯಬೇಕು. ನಾಯಿ ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸದೆ ಇಳಿದು ಸೈಕಲ್ಲನ್ನು ನಡುವೆ ಅಡ್ಡ ಹಿಡಿದರೆ ಬಹುಪಾಲು ಅಲ್ಲಿಗೇ ಮುಗಿಯುತ್ತದೆ.

ಮನೆಗೆ ಬಂದ ದಿನವೇ ಸೈಕಲ್ ತೊಳೆಯಬೇಕು. ಕೆಂಪು ಧೂಳು ಚೈನಿನ ಎಣ್ಣೆಯೊಡನೆ ಬೆರೆತರೆ ಹಲ್ಲುಗಳನ್ನು ಅರೆಯುತ್ತದೆ. ಗಾಲಿಯ ನಡುಗುಂಬ ಮತ್ತು ಪೆಡಲಿನ ಬುಡಕ್ಕೆ ರಭಸದ ನೀರು ಬಿಡದೆ ಒದ್ದೆ ಬಟ್ಟೆಯಿಂದ ಒರೆಸಿ, ಚೈನನ್ನು ಪೂರ್ತಿ ಒಣಗಿಸಿ ಒಂದೊಂದು ಕೊಂಡಿಗೆ ಒಂದು ಹನಿ ಎಣ್ಣೆ ಬಿಟ್ಟು, ಹೆಚ್ಚಾದುದನ್ನು ಒರೆಸಿ ತೆಗೆಯಬೇಕು. ಬ್ರೇಕಿನ ಡಿಸ್ಕಿಗೆ ಮಾತ್ರ ಎಣ್ಣೆಯ ಒಂದು ಹನಿಯೂ ತಾಗಬಾರದು. ತಾಗಿದರೆ ಮುಂದಿನ ಇಳುಕಲಿಗೆ ಮೊದಲು ಪ್ಯಾಡುಗಳನ್ನೇ ಬದಲಿಸಬೇಕಾಗುತ್ತದೆ.