ಅಮೆರಿಕದಲ್ಲಿ ಆಟಿಸಂ ವರದಿ: ಹಳೆಯ ಹೆಸರುಗಳು, ಈಗಿನ ಮಾನದಂಡ

ಊರಿನಲ್ಲಿ ಕೆಲವು ವರ್ಷಗಳ ಹಿಂದೆ ಪಡೆದ ಮಗುವಿನ ವರದಿಯಲ್ಲಿ ಆಟಿಸಂನ ಬಗೆಗಳಿಗೆ ಹಿಂದೆ ಇದ್ದ ‘ಅಟಿಪಿಕಲ್ ಆಟಿಸಂ’ ಅಥವಾ ‘ಆಸ್ಪರ್ಜರ್ ಸಿಂಡ್ರೋಮ್’ ಎಂಬ ಹೆಸರು ಬರೆದಿದ್ದರೆ, ಅಮೆರಿಕದ ವೈದ್ಯರು ಅದನ್ನು ಓದಿ ಅರ್ಥಮಾಡಿಕೊಳ್ಳುತ್ತಾರಾದರೂ ತಮ್ಮ ವರದಿಯಲ್ಲಿ ಆ ಹೆಸರನ್ನು ಬರೆಯುವುದಿಲ್ಲ. ಇಲ್ಲಿ ರೋಗನಿರ್ಣಯಕ್ಕೆ ಆಧಾರ ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್‌ನ ಕೈಪಿಡಿಯಾದ ಡಿಎಸ್‌ಎಂ. ಅದರ ಆವೃತ್ತಿ ಬದಲಾದಂತೆಲ್ಲ ಆಟಿಸಂನ ಗಡಿಯೂ ಸರಿದಿದೆ.

ಬಾಲ್ಟಿಮೋರ್‌ನ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿಯೇ ಹನ್ನೊಂದು ಮಕ್ಕಳ ಲಕ್ಷಣಗಳನ್ನು ವಿವರಿಸಿದ್ದರೂ, 1968ರ ಎರಡನೆಯ ಆವೃತ್ತಿಯಲ್ಲಿಯೂ ಇಂಥ ಮಕ್ಕಳನ್ನು ಬಾಲ್ಯದ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗದಡಿ ಸೇರಿಸಲಾಗುತ್ತಿತ್ತು. ಆಟಿಸಂಗೆ ಪ್ರತ್ಯೇಕ ಸ್ಥಾನ ಸಿಕ್ಕಿದ್ದು 1980ರಲ್ಲಿ. 1994ರ ನಾಲ್ಕನೆಯ ಆವೃತ್ತಿಯು ಹನ್ನೆರಡು ಲಕ್ಷಣಗಳ ಪಟ್ಟಿಯಲ್ಲಿ ಕನಿಷ್ಠ ಆರನ್ನು ಕೇಳಿ, ಆಸ್ಪರ್ಜರ್ ಹಾಗೂ (ಬೇರೆ ಹೆಸರಿಗೆ ಪೂರ್ತಿ ಹೊಂದದವರಿಗಾಗಿ) ‘ಪಿಡಿಡಿ-ಎನ್‌ಓಎಸ್’ ಎಂಬ ಬೇರೆ ಬೇರೆ ಹೆಸರುಗಳನ್ನೂ ಇಟ್ಟುಕೊಂಡಿತ್ತು. ಒಂದೇ ಮಗುವಿಗೆ ಒಂದು ಆಸ್ಪತ್ರೆಯಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಮತ್ತೊಂದು ಹೆಸರು ಸಿಗುತ್ತಿದ್ದುದರಿಂದ, 2013ರ ಐದನೆಯ ಆವೃತ್ತಿ ಇವನ್ನೆಲ್ಲ ‘ಆಟಿಸಂ ಸ್ಪೆಕ್ಟ್ರಂ ಡಿಸಾರ್ಡರ್’ ಎಂಬ ಒಂದೇ ಹೆಸರಿನಡಿ ತಂದಿತು. ಇದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ, ಆಸ್ಪರ್ಜರ್ ಎಂಬ ಗುರುತನ್ನು ಪ್ರೀತಿಯಿಂದ ಉಳಿಸಿಕೊಂಡವರು ಒಪ್ಪದಿದ್ದರೂ.

ಈಗಿನ ನಿಯಮದಂತೆ ಸಾಮಾಜಿಕ ಸಂವಹನಕ್ಕೆ ಸಂಬಂಧಿಸಿ ಕೈಪಿಡಿ ಪಟ್ಟಿ ಮಾಡಿರುವ ಮೂರೂ ಕೊರತೆಗಳು ಇರಬೇಕು. ಪುನರಾವರ್ತಿತ ನಡವಳಿಕೆಯ ನಾಲ್ಕು ಲಕ್ಷಣಗಳಲ್ಲಿ ಎರಡಾದರೂ ಇರಬೇಕು. ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿಕೊಂಡು ಓಡುವುದು, ಅಂಗಿಯ ಲೇಬಲ್ ತಾಗಿದರೂ ಸಹಿಸದಿರುವುದು ಮುಂತಾದ ಇಂದ್ರಿಯ ಸಂವೇದನೆಗಳು ಮಾನದಂಡದೊಳಗೆ ಸೇರಿದ್ದು ಈ ಆವೃತ್ತಿಯಲ್ಲಿಯೇ, ಆದ್ದರಿಂದ ಇವನ್ನು ಮಗುವಿನ ಹಟವೆಂದು ತಳ್ಳಿಹಾಕದೆ ವೈದ್ಯರಿಗೆ ತಿಳಿಸಿ. ಲಕ್ಷಣ ಈಗ ಕಾಣದಿದ್ದರೂ ಹಿಂದೆ ಇದ್ದುದಾದರೆ ಅದನ್ನೂ ಪರಿಗಣಿಸುತ್ತಾರೆ. ಹಾಗಾಗಿ ಚಿಕ್ಕಂದಿನ ವಿಡಿಯೋಗಳು ಉಪಯೋಗಕ್ಕೆ ಬರುತ್ತವೆ. ಒಂದರಿಂದ ಮೂರರವರೆಗಿನ ‘ಲೆವೆಲ್’ ಸೂಚಿಸುವುದು ಮಗುವಿಗೆ ಬೇಕಾದ ನೆರವಿನ ಪ್ರಮಾಣವನ್ನು, ಬುದ್ಧಿಮಟ್ಟವನ್ನಲ್ಲ. ನಾಲ್ಕನೆಯ ಆವೃತ್ತಿಯ ಪ್ರಕಾರ ಖಚಿತವಾಗಿ ನಿರ್ಣಯವಾದವರಿಗೆ ಹೊಸ ಹೆಸರನ್ನೇ ಕೊಡಬೇಕೆಂದು ಕೈಪಿಡಿ ಹೇಳುವುದರಿಂದ, ಹಳೆಯ ವರದಿಯನ್ನು ಎಸೆಯಬೇಡಿ.

ಹೊಸಬರು ಹೆಚ್ಚಾಗಿ ಎಡವುವುದು ಶಾಲೆಯ ವಿಷಯದಲ್ಲಿ. ವೈದ್ಯರ ವರದಿ ಇದ್ದ ಮಾತ್ರಕ್ಕೆ ಸರ್ಕಾರಿ ಶಾಲೆ ವಿಶೇಷ ಶಿಕ್ಷಣ ಕೊಡಬೇಕಾಗಿಲ್ಲ. 1990ರಲ್ಲಿ ಆಟಿಸಂ ಅನ್ನು ಪ್ರತ್ಯೇಕ ವರ್ಗವಾಗಿ ಸೇರಿಸಿಕೊಂಡ ‘ಐಡಿಇಎ’ ಎಂಬ ವಿಶೇಷ ಶಿಕ್ಷಣದ ಕೇಂದ್ರ ಕಾಯ್ದೆಯ ವ್ಯಾಖ್ಯೆ ಡಿಎಸ್‌ಎಂಗಿಂತ ಬೇರೆ. ಅಂಗವೈಕಲ್ಯದಿಂದ ಕಲಿಕೆಗೆ ತೊಡಕಾಗುತ್ತಿದೆಯೇ ಎಂಬುದನ್ನು ಶಾಲೆಯೇ ಉಚಿತವಾಗಿ ಪರೀಕ್ಷಿಸುತ್ತದೆ. ಕೋರಿಕೆಯನ್ನು ಲಿಖಿತವಾಗಿಯೇ ಕೊಡಿ. ರಾಜ್ಯವು ಬೇರೆ ಗಡುವು ಇಟ್ಟಿಲ್ಲದಿದ್ದರೆ, ನಿಮ್ಮ ಒಪ್ಪಿಗೆ ಸಿಕ್ಕ 60 ದಿನಗಳೊಳಗೆ ಪರೀಕ್ಷೆ ಮುಗಿಯಬೇಕು. ಮನೆಯಲ್ಲಿ ಕನ್ನಡವನ್ನೇ ಆಡುವ ಮಗುವಾದರೆ, ಸಾಧ್ಯವಿರುವ ಮಟ್ಟಿಗೆ ಅದರ ಭಾಷೆಯಲ್ಲಿಯೇ ಪರೀಕ್ಷಿಸಬೇಕೆಂದೂ, ಇಂಗ್ಲಿಷ್ ಕಡಿಮೆ ಬರುತ್ತದೆ ಎಂಬುದೇ ಅಂಗವೈಕಲ್ಯದ ನಿರ್ಣಯಕ್ಕೆ ಮುಖ್ಯ ಕಾರಣವಾಗಬಾರದೆಂದೂ ಕಾಯ್ದೆಯಲ್ಲಿದೆ. ಮೂರು ವರ್ಷ ತುಂಬದ ಮಕ್ಕಳಿಗೆ ಶಾಲೆಯಲ್ಲ, ಎಳೆಯ ಮಕ್ಕಳಿಗೆ ನೆರವು ನೀಡುವ ರಾಜ್ಯದ ‘ಅರ್ಲಿ ಇಂಟರ್‌ವೆನ್ಷನ್’ ವಿಭಾಗವನ್ನು ಸಂಪರ್ಕಿಸಿ.

ಇನ್ಶೂರೆನ್ಸ್‌ನವರಿಗೆ ಮಾತ್ರ ವೈದ್ಯಕೀಯ ನಿರ್ಣಯವೇ ಬೇಕು, ಆಟಿಸಂ ಸೂಚಿಸುವ ಎಫ್84.0 ಎಂಬ ಸಂಕೇತದೊಡನೆ. ಚಿಕಿತ್ಸೆಯ ವೆಚ್ಚ ಭರಿಸಬೇಕೆಂಬ ರಾಜ್ಯದ ಕಾನೂನು, ನೀವು ಕೆಲಸ ಮಾಡುವ ಕಂಪನಿಯೇ ಹಣ ಹಾಕಿ ನಡೆಸುವ ‘ಸೆಲ್ಫ್-ಫಂಡೆಡ್’ ಯೋಜನೆಗೆ ಅನ್ವಯಿಸುವುದಿಲ್ಲವಾದ್ದರಿಂದ, ನಿಮ್ಮ ಯೋಜನೆ ಯಾವ ಬಗೆಯದೆಂದು ಅಪಾಯಿಂಟ್‌ಮೆಂಟ್‌ಗೆ ಮೊದಲೇ ಕಚೇರಿಯ ಎಚ್‌ಆರ್ ವಿಭಾಗದಲ್ಲಿ ಕೇಳಿಕೊಳ್ಳಿ.