ಯಾವ ಪ್ರಾಣಿಗೆ ಎಷ್ಟು ಆಯಸ್ಸು? ಊಹಿಸುವುದು ಹೀಗೆ

ಪಂಜರದಲ್ಲಿ ಹಾಯಾಗಿ ಬೆಳೆದ ಇಲಿಯೂ ಎರಡು ಮೂರು ವರ್ಷಕ್ಕೆ ಮುದಿಯಾಗಿ ಸಾಯುತ್ತದೆ. ಅದಕ್ಕಿಂತ ಹಗುರವಾದ, ಬರೀ 7 ಗ್ರಾಂ ತೂಗುವ ಬ್ರಾಂಟ್ಸ್ ಬಾವಲಿಯೊಂದು ಸೈಬೀರಿಯಾದಲ್ಲಿ 41 ವರ್ಷ ಬದುಕಿದ್ದು ದಾಖಲಾಗಿದೆ. ಎರಡೂ ಹಾಲುಣಿಸುವ ಪ್ರಾಣಿಗಳೇ. ಇಷ್ಟು ವ್ಯತ್ಯಾಸ ಯಾಕೆ? ಯಾವುದೇ ಪ್ರಾಣಿಯನ್ನು ತೆಗೆದುಕೊಳ್ಳಿ, ಕೆಳಗಿನ ಪ್ರಶ್ನೆಗಳನ್ನು ಒಂದೊಂದಾಗಿ ಕೇಳುತ್ತಾ ಹೋಗಿ. ಉತ್ತರದ ಹತ್ತಿರಕ್ಕೆ ಬರುತ್ತೀರಿ.

1. ಮೊದಲು ಮೈಗಾತ್ರ ನೋಡಿ

ದೊಡ್ಡ ಪ್ರಾಣಿ ಜಾಸ್ತಿ ಬದುಕುತ್ತದೆ. ಒರಟು ಲೆಕ್ಕ, ಆದರೆ ಬಹಳ ಸಲ ಸರಿಹೋಗುತ್ತದೆ. ಇಲಿಗೆ ಮೂರು ವರ್ಷ, ಆನೆಗೆ 60ರಿಂದ 70, ಬೋಹೆಡ್ ತಿಮಿಂಗಿಲಕ್ಕೆ 200ಕ್ಕೂ ಹೆಚ್ಚು. ಆದರೆ ಇದನ್ನು ಬೇರೆ ಬೇರೆ ಜಾತಿಗಳ ನಡುವೆ ಮಾತ್ರ ಹಾಕಬೇಕು. ನಾಯಿಗಳಲ್ಲಿ ಲೆಕ್ಕ ತಲೆಕೆಳಗು: ಗ್ರೇಟ್ ಡೇನ್‌ನಂಥ ಭಾರೀ ತಳಿಗಳು ಬೇಗ ಹೋಗುತ್ತವೆ, ಪುಟ್ಟ ತಳಿಗಳು ಇನ್ನೂ ಹಲವು ವರ್ಷ ಓಡಾಡಿಕೊಂಡಿರುತ್ತವೆ.

ಪ್ರತಿ ಪ್ರಾಣಿಗೂ ಇಷ್ಟೇ ಹೃದಯ ಬಡಿತ ಅಂತ ಲೆಕ್ಕ ಇರುತ್ತದೆ, ಬೇಗ ಬಡಿದರೆ ಬೇಗ ಮುಗಿಯುತ್ತದೆ ಎನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಕೇಳೋಕೆ ಚೆಂದ. ಹಕ್ಕಿಗಳು ಮಾತ್ರ ಇದಕ್ಕೆ ಒಪ್ಪುವುದಿಲ್ಲ. ಅಷ್ಟೇ ತೂಕದ ಇಲಿ, ಮೊಲಗಳಿಗಿಂತ ಹಕ್ಕಿಯ ಮೈ ಬಿಸಿ, ಶಕ್ತಿಯ ಖರ್ಚೂ ಜಾಸ್ತಿ. ಆದರೂ ಹೆಚ್ಚು ಕಾಲ ಬದುಕುವುದು ಹಕ್ಕಿಯೇ.

2. ಅದನ್ನು ಕೊಲ್ಲುವವರು ಯಾರು ಅಂತ ಕೇಳಿ

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ಸಮಯ ಕಡಿಮೆ ಇದ್ದರೆ ಉಳಿದದ್ದು ಬಿಟ್ಟು ಇದೊಂದನ್ನೇ ಕೇಳಿ.

ಬಯಲಿನ ಇಲಿ ಮುದಿಯಾಗುವವರೆಗೆ ಉಳಿಯುವುದೇ ಅಪರೂಪ. ಗೂಬೆ, ಹಾವು, ಚಳಿ, ಹಸಿವು, ಯಾವುದೋ ಒಂದು ಮೊದಲೇ ಮುಗಿಸುತ್ತದೆ. ಹೀಗಿರುವಾಗ ಅದರ ಮೈಯಲ್ಲಿ ಮೂರನೇ ವರ್ಷಕ್ಕೆ ರೋಗ ತರುವ ಜೀನ್ ಇದ್ದರೂ ನಷ್ಟವೇನು? ಆ ಹೊತ್ತಿಗೆ ಇಲಿಯೇ ಇರುವುದಿಲ್ಲ, ಮರಿಗಳು ಆಗಲೇ ಹುಟ್ಟಿರುತ್ತವೆ. ಆ ಕೆಟ್ಟ ಜೀನನ್ನು ಜರಡಿ ಹಿಡಿಯಲು ನಿಸರ್ಗಕ್ಕೆ ಅವಕಾಶವೇ ಸಿಗುವುದಿಲ್ಲ. ಜೀವವಿಜ್ಞಾನಿ ಪೀಟರ್ ಮೆಡವಾರ್ 1952ರಲ್ಲಿ ಮುಂದಿಟ್ಟ ವಾದ ಇದು. 1957ರಲ್ಲಿ ಇನ್ನೊಬ್ಬ ಜೀವವಿಜ್ಞಾನಿ ಜಾರ್ಜ್ ವಿಲಿಯಮ್ಸ್ ಇದಕ್ಕೆ ಇನ್ನೊಂದು ಮಾತು ಸೇರಿಸಿದರು: ಎಳೆ ವಯಸ್ಸಿನಲ್ಲಿ ಲಾಭ ತರುವ ಜೀನ್, ಮುಪ್ಪಿನಲ್ಲಿ ಹಾನಿ ಮಾಡಿದರೂ ಉಳಿದುಕೊಳ್ಳುತ್ತದೆ. ಮುಂದಿನ ತಿಂಗಳು ಖಾಲಿ ಮಾಡುವ ಬಾಡಿಗೆ ಮನೆಗೆ ಯಾರೂ ಸುಣ್ಣ ಹೊಡೆಸುವುದಿಲ್ಲ, ಅಲ್ವಾ?

ಹಾಗಾಗಿ ಪ್ರಾಣಿಗೆ ತಪ್ಪಿಸಿಕೊಳ್ಳುವ ದಾರಿ ಇದೆಯಾ ನೋಡಿ. ರೆಕ್ಕೆ, ಗಟ್ಟಿ ಚಿಪ್ಪು, ನೆಲದಡಿಯ ಬಿಲ, ವಿಷ, ಭಾರೀ ಮೈ, ಯಾವುದಾದರೂ ಸರಿ. ಬಾವಲಿಯ ಗುಟ್ಟು ರೆಕ್ಕೆಯಲ್ಲಿದೆ. ಆಮೆಯದು ಚಿಪ್ಪಿನಲ್ಲಿ. ಸೇಂಟ್ ಹೆಲೆನಾ ದ್ವೀಪದ ಜೊನಾಥನ್ ಎಂಬ ಆಮೆ ಹುಟ್ಟಿದ್ದು ಸುಮಾರು 1832ರಲ್ಲಿ ಎಂದು ಅಂದಾಜು. ಅದು 190 ದಾಟಿತು.

ಇದು ಸುಮ್ನೆ ಕತೆಯಲ್ಲ, ಬಯಲಿನಲ್ಲೇ ಪರೀಕ್ಷಿಸಿದ್ದಾರೆ. ಅಮೆರಿಕದ ಜಾರ್ಜಿಯಾ ಕರಾವಳಿಯ ಸಾಪೆಲೋ ದ್ವೀಪದಲ್ಲಿ ಒಪಾಸಮ್ ಎಂಬ, ಕಾಂಗರೂವಿನಂತೆ ಮರಿಯನ್ನು ಹೊಟ್ಟೆಯ ಚೀಲದಲ್ಲಿ ಸಾಕುವ ಪ್ರಾಣಿಗಳಿವೆ. ಸಾವಿರಾರು ವರ್ಷಗಳಿಂದ ಅವಕ್ಕೆ ಅಲ್ಲಿ ಬೇಟೆಗಾರ ಪ್ರಾಣಿಗಳ ಕಾಟ ಕಡಿಮೆ. ಜೀವವಿಜ್ಞಾನಿ ಸ್ಟೀವನ್ ಆಸ್ಟಡ್ ಅವನ್ನು ಹಿಡಿದು, ಗುರುತು ಹಾಕಿ, ಆಚೆ ದಡದ ಒಪಾಸಮ್‌ಗಳ ಜೊತೆ ಹೋಲಿಸಿದರು. 1993ರಲ್ಲಿ ಪ್ರಕಟವಾದ ಫಲಿತಾಂಶ: ದ್ವೀಪದವು ಹೆಚ್ಚು ಕಾಲ ಬದುಕುತ್ತಿದ್ದವು, ಮರಿಗಳ ಸಂಖ್ಯೆ ಕಡಿಮೆ. ಬಾಲದ ನಾರುಗಳು ಬಿಗಿಯಾಗುವುದು ವಯಸ್ಸಾದ ಲಕ್ಷಣ. ಅದೂ ಅವುಗಳಲ್ಲಿ ನಿಧಾನ. ಅಂದರೆ ಅವು ಬರೀ ಸಾವಿನಿಂದ ತಪ್ಪಿಸಿಕೊಂಡಿರಲಿಲ್ಲ, ಮುಪ್ಪೇ ತಡವಾಗಿ ಬರುತ್ತಿತ್ತು.

3. ಮರಿಗಳನ್ನು ಎಣಿಸಿ

ಬೇಗ ಬೆಳೆದು ರಾಶಿ ರಾಶಿ ಹೆರುವ ಪ್ರಾಣಿಗೆ ಸಾಮಾನ್ಯವಾಗಿ ಆಯಸ್ಸು ಕಡಿಮೆ. ಆನೆ ಸುಮಾರು 22 ತಿಂಗಳು ಹೊತ್ತು ಒಂದೇ ಮರಿ ಹಾಕುತ್ತದೆ. ಆಸ್ಟ್ರೇಲಿಯಾದ ಆಂಟೆಕೈನಸ್ ಎಂಬ ಪುಟ್ಟ ಪ್ರಾಣಿಯ ಗಂಡುಗಳು ಒಂದೇ ಒಂದು ಋತುವಿನಲ್ಲಿ ಕೂಡಿ, ಒತ್ತಡದ ಹಾರ್ಮೋನು ಏರಿ, ವರ್ಷ ತುಂಬುವ ಮೊದಲೇ ಎಲ್ಲವೂ ಸಾಯುತ್ತವೆ.

ಇದಕ್ಕೆ ಅಪವಾದ ಇರುವೆ. ರಾಣಿ ಇರುವೆ ಮೊಟ್ಟೆ ಇಡುತ್ತಲೇ ಇರುತ್ತದೆ, ಕೆಲವು ಜಾತಿಗಳಲ್ಲಿ ಎರಡು ದಶಕ ದಾಟಿಯೂ ಬದುಕುತ್ತದೆ. ಅದೇ ಗೂಡಿನ ಕೆಲಸಗಾರ ಇರುವೆಗೆ ಅದರ ಸಣ್ಣ ಪಾಲೂ ಸಿಗುವುದಿಲ್ಲ. ಜೀನುಗಳು ಒಂದೇ ಬಗೆಯವು. ಒಂದು ಗೂಡಿನೊಳಗೆ ಭದ್ರವಾಗಿದೆ, ಇನ್ನೊಂದು ಹೊರಗೆ ಅಪಾಯದಲ್ಲಿ ಅಲೆಯುತ್ತದೆ. ಮತ್ತೆ ಎರಡನೇ ಪ್ರಶ್ನೆಗೇ ಬಂದೆವು ನೋಡಿ.

4. ಈಗ ಕೋಶದೊಳಗೆ ಇಣುಕಿ

ಇಲ್ಲಿಯವರೆಗೆ ಕೇಳಿದ್ದು ಯಾಕೆ ಅಂತ. ಹೇಗೆ ಅನ್ನುವುದಕ್ಕೆ ಉತ್ತರ ಮೈಯ ರಿಪೇರಿ ಕೆಲಸದಲ್ಲಿದೆ. 2022ರ ಒಂದು ಅಧ್ಯಯನ 16 ಬಗೆಯ ಸಸ್ತನಿಗಳ ಕರುಳಿನ ಕೋಶಗಳನ್ನು ನೋಡಿತು. ಇಲಿಯ ಕೋಶದಲ್ಲಿ ವರ್ಷಕ್ಕೆ ಸುಮಾರು 800 ಡಿಎನ್‌ಎ ಬದಲಾವಣೆ. ಮನುಷ್ಯನಲ್ಲಿ 47ರಷ್ಟು. ಆಯಸ್ಸಿನ ಕೊನೆಗೆ ಒಟ್ಟು ಮೊತ್ತ ಹೋಲಿಸಿದರೆ ಮಾತ್ರ ಅಂತರ ಅಷ್ಟೇನಿಲ್ಲ. ಮನುಷ್ಯನ ಮೈಯಲ್ಲಿ ಹಾನಿ ನಿಧಾನವಾಗಿ ಸೇರುತ್ತದೆ, ಅಷ್ಟೇ.

ದಾರಿ ಒಂದೇ ಅಲ್ಲ. ಆನೆಯಲ್ಲಿ ಕೋಶಗಳು ಲೆಕ್ಕವಿಲ್ಲದಷ್ಟು, ಆದರೂ ಕ್ಯಾನ್ಸರ್ ಕಡಿಮೆ. ಕ್ಯಾನ್ಸರ್ ತಡೆಯುವ ಟಿಪಿ53 ಜೀನಿನ 20 ಪ್ರತಿಗಳು ಅದರಲ್ಲಿವೆ, ನಮ್ಮಲ್ಲಿರುವುದು ಒಂದೇ. ಕೆಟ್ಟ ಕೋಶವನ್ನು ಆನೆಯ ಮೈ ರಿಪೇರಿಗೆ ಕೂರದೆ ಬೇಗ ಸಾಯಿಸಿಬಿಡುತ್ತದೆ. ನೆಲದಡಿ ಬದುಕುವ ನೇಕೆಡ್ ಮೋಲ್ ರ‍್ಯಾಟ್ ಇಲಿಯಷ್ಟೇ ಚಿಕ್ಕದು, ಆದರೆ 30 ವರ್ಷ ದಾಟುತ್ತದೆ. ಅದರ ಕೋಶಗಳ ನಡುವೆ ಹೈಯಲುರೊನಾನ್ ಎಂಬ ಅಂಟು ಪದಾರ್ಥ ದಟ್ಟವಾಗಿದ್ದು, ಗಡ್ಡೆ ಬೆಳೆಯದಂತೆ ನೆರವಾಗುತ್ತದೆ.

5. ವಯಸ್ಸು ಗೊತ್ತಾಗಿದ್ದು ಹೇಗೆ ಅಂತ ವಿಚಾರಿಸಿ

ಓದಿದ ಸಂಖ್ಯೆಯನ್ನೆಲ್ಲ ಹಾಗೇ ನಂಬಬೇಡಿ. ಅದು ಸರಾಸರಿಯೋ ಗರಿಷ್ಠವೋ, ಕಾಡಿನದೋ ಮೃಗಾಲಯದ್ದೋ ನೋಡಿ. ಅಳೆದ ವಿಧಾನವನ್ನೂ ನೋಡಿ. ಐಸ್‌ಲ್ಯಾಂಡ್ ಬಳಿ 2006ರಲ್ಲಿ ಸಿಕ್ಕ ಚಿಪ್ಪುಜೀವಿಯೊಂದಕ್ಕೆ 507 ವರ್ಷ ಅಂತ ಹೇಳಿದ್ದು ಚಿಪ್ಪಿನ ಬಳೆಗಳನ್ನು ಎಣಿಸಿ. ವರ್ಷಕ್ಕೊಂದು ಬಳೆ, ಹಾಗಾಗಿ ಗಟ್ಟಿ ಲೆಕ್ಕ. ಗ್ರೀನ್‌ಲ್ಯಾಂಡ್ ಶಾರ್ಕ್‌ಗೆ 400 ವರ್ಷ ಅನ್ನುವುದು ಅಷ್ಟು ಗಟ್ಟಿಯಲ್ಲ. 2016ರಲ್ಲಿ ಅದರ ಕಣ್ಣಿನ ಮಸೂರದ ಕಾರ್ಬನ್ ಅಳೆದಾಗ ಬಂದ ಉತ್ತರ 392, ಆದರೆ 120 ವರ್ಷ ಆಚೀಚೆ ಇರಬಹುದು. ಅಂದರೆ ಕಡಿಮೆಯೆಂದರೂ 272. ಬೆನ್ನೆಲುಬಿರುವ ಪ್ರಾಣಿಗಳ ದಾಖಲೆ ಮುರಿಯಲು ಅಷ್ಟೇ ಸಾಕಾಯಿತು.