ರಾತ್ರಿ ಒಂಬತ್ತೂವರೆಯ ವಿಮಾನ

ನಾನು ಪೈಲಟ್ ಅಲ್ಲ, ಬೆಂಗಳೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಬಳ್ಳಾರಿ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ಪುಟ್ಟ ವಿಮಾನ ಏರುವುದು ಕಂಡರೆ ಈ ವಯಸ್ಸಿನಲ್ಲೂ ಕತ್ತು ಹೊರಳಿಸಿ ನೋಡುತ್ತೇನೆ. ಮಗ ಹಾಸ್ಟೆಲ್ ಸೇರಿದಾಗ ಅವನ ಕಂಪ್ಯೂಟರ್, ಜಾಯ್‌ಸ್ಟಿಕ್, ಪರದೆಯ ಮೇಲೆ ವಿಮಾನ ಹಾರಿಸುವ ಆಟ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಮನೆಯಲ್ಲೇ ಉಳಿದವು. ಅದರಲ್ಲಿನ ಸೆಸ್ನಾ 172, ನಾಲ್ಕು ಸೀಟಿನ ಒಂಟಿ ಎಂಜಿನ್ನಿನ ವಿಮಾನ, ಹತ್ತಿ 2022ರ ಮಾರ್ಚ್‌ನಲ್ಲಿ ಜಕ್ಕೂರಿನಿಂದ ಪಶ್ಚಿಮಕ್ಕೆ ಹೊರಟೆ. ಭೂಮಿ ಸುತ್ತಿ ಪೂರ್ವದಿಂದ ಜಕ್ಕೂರಿಗೇ ಬಂದಿಳಿಯಲು 171 ಹಾರಾಟ ಬೇಕಾಯಿತು. ಎರಡು ವರ್ಷ ಮೂರು ತಿಂಗಳು.

ನನಗೆ ನಾನೇ ಹಾಕಿಕೊಂಡ ಕಟ್ಟುಪಾಡು ಇಷ್ಟು: ಊಟ ಮುಗಿಸಿ ಒಂಬತ್ತೂವರೆಗೆ ಕೂತರೆ ಹನ್ನೊಂದೂವರೆಯೊಳಗೆ ಇಳಿದಿರಬೇಕು. ಎಲ್ಲಿ ನಿಲ್ಲಿಸಿದ್ದೆನೋ ಮುಂದಿನ ಹಾರಾಟ ಅಲ್ಲಿಂದಲೇ ಶುರು. ಹೊತ್ತು, ಗಾಳಿ, ಮೋಡ ಎಲ್ಲವೂ ಆ ಗಳಿಗೆಯಲ್ಲಿ ಆ ಊರಿನಲ್ಲಿ ನಿಜಕ್ಕೂ ಹೇಗಿದೆಯೋ ಹಾಗೇ ಇರಬೇಕು. ಸೆಸ್ನಾ ಗಂಟೆಗೆ ಸುಮಾರು 120 ನಾಟಿಕಲ್ ಮೈಲಿ, ಅಂದರೆ 220 ಕಿಲೋಮೀಟರ್ ಹೋಗುತ್ತದೆ. ಎರಡು ಗಂಟೆಯಲ್ಲಿ ಹುಬ್ಬಳ್ಳಿ. ಮೊದಲ ದಿನ ಭಾನುವಾರವಾದ್ದರಿಂದ ಬೆಳಿಗ್ಗೆಯೇ ಹೊರಟೆ. ಐದು ಸಾವಿರ ಅಡಿ ಮೇಲಿನಿಂದ ಹಿರಿಯೂರಿನ ವಾಣಿವಿಲಾಸ ಸಾಗರ ಎಡಕ್ಕೆ ಬಂತು, ಹರಿಹರದ ಬಳಿ ತುಂಗಭದ್ರೆ ಅಡ್ಡ ಬಂತು. ಮೂವತ್ತು ಸಾವಿರ ಅಡಿಯ ದೊಡ್ಡ ವಿಮಾನದಿಂದ ಇವು ಹೀಗೆ ಒಂದೊಂದಾಗಿ ಸಿಗುವುದಿಲ್ಲ.

ಮನೆಯವಳು ಪ್ರತಿ ರಾತ್ರಿ ಮಲಗುವ ಮುಂಚೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು: "ಇವತ್ತು ಯಾವ ಊರಲ್ಲಿ ರೀ ತಂಗೋದು?" ಕರಾಚಿ ಅಂದ ದಿನ ಒಳಗೆ ಬಂದು ಕೂತು, ಪರದೆಯ ಮೇಲಿನ ದೀಪಗಳನ್ನು ಬಹಳ ಹೊತ್ತು ನೋಡಿದಳು.

ಕರಾಚಿ ದಾಟಿದ ಮೇಲೂ ಬರೀ ಕತ್ತಲು. ಮಕ್ರಾನ್ ಕರಾವಳಿಯುದ್ದಕ್ಕೂ ಎಡಕ್ಕೆ ಕಪ್ಪು ಸಮುದ್ರ, ಬಲಕ್ಕೆ ಕಪ್ಪು ಗುಡ್ಡ. ಆಮೇಲೆ ಜೂನ್‌ನಲ್ಲಿ ಒಂದು ರಾತ್ರಿ ಬಾಗ್ದಾದ್‌ನ ರನ್‌ವೇಯಲ್ಲಿ ಎಂಜಿನ್ ಚಾಲೂ ಮಾಡಿದರೆ ಎದುರಿಗೆ ಸೂರ್ಯ! ಮುಳುಗುತ್ತಿದ್ದ, ಆದರೆ ಇದ್ದ. ಟರ್ಕಿಗೆ ಬಂದಾಗ ಇನ್ನೊಂದಿಷ್ಟು ಮೇಲಿದ್ದ. ಸ್ಕಾಟ್ಲೆಂಡಿನಲ್ಲಿ ಅದೇ ಒಂಬತ್ತೂವರೆಗೆ ಸಂಜೆ ಐದು, ಒಳ್ಳೆಯ ಬಿಸಿಲು. ನಮ್ಮ ಮನೆಯ ಗೋಡೆ ಗಡಿಯಾರ ಕದಲದೆ ನಿಂತಿತ್ತು, ಸೂರ್ಯ ಪಶ್ಚಿಮದಿಂದ ವಾರವಾರಕ್ಕೂ ಮೇಲೇರುತ್ತಿದ್ದ. ಇಪ್ಪತ್ತು ವರ್ಷ ರೇಖಾಂಶ ಪಾಠ ಮಾಡಿದ್ದೇನೆ, ಒಂದು ಡಿಗ್ರಿಗೆ ನಾಲ್ಕು ನಿಮಿಷ ಎಂದು ಬೋರ್ಡಿನ ಮೇಲೆ ಬರೆದಿದ್ದೇನೆ. ಆ ನಾಲ್ಕು ನಿಮಿಷದ ಅರ್ಥ ನನಗೆ ತಿಳಿದದ್ದು ಆ ಬೇಸಿಗೆಯಲ್ಲಿ.

ಯೂರೋಪು ಸಲೀಸು. ಅಲ್ಲಿ ವಿಮಾನ ನಿಲ್ದಾಣಗಳು ನಮ್ಮ ಬಸ್ ಸ್ಟಾಪಿನಂತೆ ಹತ್ತಿರ ಹತ್ತಿರ. ಕಷ್ಟವೆಲ್ಲ ಸ್ಕಾಟ್ಲೆಂಡಿನ ಉತ್ತರ ತುದಿಯ ವಿಕ್ ದಾಟಿದ ಮೇಲೆ. ಪುಟ್ಟ ವಿಮಾನದವರೆಲ್ಲ ಅಟ್ಲಾಂಟಿಕ್ ದಾಟಲು ಹಿಡಿಯುವ ದಾರಿ ಇದೇ: ಫಾರೋ ದ್ವೀಪ, ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್, ಕೆನಡಾ. 1924ರಲ್ಲಿ ಮೊದಲ ಬಾರಿಗೆ ವಿಮಾನದಲ್ಲಿ ಭೂಮಿ ಸುತ್ತಿದ ಅಮೆರಿಕದ ಸೇನೆಯವರೂ ಈ ಕಡೆಯಿಂದಲೇ ಹೋದರು. ಸಿಯಾಟಲ್‌ನಿಂದ ಹೊರಟದ್ದು ನಾಲ್ಕು ವಿಮಾನ, 175 ದಿನದ ನಂತರ ಸುತ್ತು ಪೂರೈಸಿ ಮರಳಿದ್ದು ಎರಡು. ಒಂದು ಅಲಾಸ್ಕಾದ ಮಂಜಿನಲ್ಲಿ ಗುಡ್ಡಕ್ಕೆ ಬಡಿಯಿತು, ಇನ್ನೊಂದು ಫಾರೋ ಬಳಿ ಸಮುದ್ರಕ್ಕಿಳಿಯಿತು. ಆ ನೀರಿನ ಮೇಲೆ ಹೋಗುವಾಗ ಎಂಜಿನ್ನಿನ ಆಯಿಲ್ ಪ್ರೆಷರ್ ಮುಳ್ಳಿನಿಂದ ನಾನು ಕಣ್ಣು ತೆಗೆಯಲಿಲ್ಲ. 2019ರ ಮೇನಲ್ಲಿ ಮುಂಬೈಯ ಆರೋಹಿ ಪಂಡಿತ್ ನನ್ನ ಸೆಸ್ನಾಕ್ಕಿಂತ ಹಗುರವಾದ ವಿಮಾನದಲ್ಲಿ ಒಬ್ಬರೇ ವಿಕ್‌ನಿಂದ ಕೆನಡಾದ ಇಕಾಲುಯಿಟ್‌ವರೆಗೆ ಹೋಗಿದ್ದರು. ನಾನು ಕುರ್ಚಿಯಲ್ಲಿ ಕೂತು ಮಾಡಿದ್ದನ್ನು ಆಕೆ ಹೆಪ್ಪುಗಟ್ಟುವ ನೀರಿನ ಮೇಲೆ ಮಾಡಿದರು. ಲೆಕ್ಕ ಹಾಕುತ್ತ ಕೂತಾಗೆಲ್ಲ ಆಕೆ ನೆನಪಾಗುತ್ತಿದ್ದರು.

ಲೆಕ್ಕ ಹೀಗೆ. ಐಸ್‌ಲ್ಯಾಂಡಿನ ವಾಯವ್ಯ ಮೂಲೆಯ ಈಸಾಫ್ಯೋರ್ದುರ್‌ನಿಂದ ಗ್ರೀನ್‌ಲ್ಯಾಂಡಿನ ಪೂರ್ವ ದಡದ ಕುಲುಸುಕ್‌ಗೆ 345 ಮೈಲಿ (ಇಲ್ಲಿ ಮೈಲಿ ಎಂದರೆ ನಾಟಿಕಲ್ ಮೈಲಿಯೇ). ನನ್ನ ಎರಡು ಗಂಟೆಯ ಕಟ್ಟುಪಾಡು ಮುರಿದದ್ದು ಇಂಥ ಕೆಲವೇ ಕಡೆ, ಅದಕ್ಕೆ ಭಾನುವಾರ ಸಂಜೆಯೇ ಬೇಕು. ಟ್ಯಾಂಕಿನಲ್ಲಿ ಬಳಕೆಗೆ ಸಿಗುವುದು 200 ಲೀಟರ್, ಗಂಟೆಗೆ 33ರಿಂದ 34 ಲೀಟರ್ ಖರ್ಚು. ಕೊನೆಯ ಮುಕ್ಕಾಲು ಗಂಟೆಯ ಪೆಟ್ರೋಲು ಮುಟ್ಟಬಾರದು. ಏನೇ ಮಾಡಿದರೂ ಕೈಯಲ್ಲಿರುವುದು ಐದು ಗಂಟೆ. ಆ ದಿನ 20 ನಾಟ್, ಅಂದರೆ ಗಂಟೆಗೆ 20 ನಾಟಿಕಲ್ ಮೈಲಿ, ಎದುರುಗಾಳಿ. ಹೋಗುವಾಗ ಗಂಟೆಗೆ 100, ತಿರುಗಿದರೆ 140. ಐದನ್ನು 140ರಿಂದ ಗುಣಿಸಿ, ಎರಡೂ ವೇಗ ಕೂಡಿದ 240ರಿಂದ ಭಾಗಿಸಿದರೆ 2 ಗಂಟೆ 55 ನಿಮಿಷ. ಅಷ್ಟರೊಳಗೆ ಮನಸ್ಸು ಮಾಡಿದರೆ ಐಸ್‌ಲ್ಯಾಂಡಿಗೆ ವಾಪಸ್ ಬರಬಹುದು, ಒಂದು ನಿಮಿಷ ಮೀರಿದರೂ ಕುಲುಸುಕ್ ಬಿಟ್ಟು ಬೇರೆ ಗತಿಯಿಲ್ಲ. ಕುಲುಸುಕ್‌ನ ರನ್‌ವೇ ಜಲ್ಲಿಯದು, 1,200 ಮೀಟರ್, ಸುತ್ತ ಬೆಟ್ಟ. ಅಕ್ಕಪಕ್ಕದಲ್ಲಿ ಹೆಲಿಕಾಪ್ಟರ್ ಇಳಿಯುತ್ತದೆ, ವಿಮಾನ ಇಳಿಯುವ ಇನ್ನೊಂದು ಜಾಗವಿಲ್ಲ.

ಹೊರಟು ಎರಡು ಗಂಟೆ ಹತ್ತು ನಿಮಿಷಕ್ಕೆ ಕುಲುಸುಕ್‌ನ ಹವಾಮಾನ ಮತ್ತೆ ನೋಡಿದೆ. ಮೋಡ ಮುನ್ನೂರು ಅಡಿಗೆ ಇಳಿದಿತ್ತು. ಮುಂದೆ ಉಳಿದದ್ದು 128 ಮೈಲಿ, ಹಿಂದೆ ಬಿಟ್ಟದ್ದು 217. ಪರದೆಯ ಮೇಲಿನದ್ದೇ ಆದರೂ ಅಂಗೈ ಬೆವರಿತು. ಎಡಕ್ಕೆ ವಾಲಿಸಿ ತಿರುಗಿಸಿದೆ. ಮೂರೂಮುಕ್ಕಾಲು ಗಂಟೆ ಹಾರಿ ಹೊರಟ ಊರಿಗೇ ಬಂದಿಳಿದೆ. ನೋಟ್‌ಬುಕ್ಕಿನಲ್ಲಿ ಆ ಸಾಲಿನ ಎರಡೂ ತುದಿಯಲ್ಲಿ ಒಂದೇ ಊರಿನ ಹೆಸರಿದೆ. 171ರಲ್ಲಿ ನಾನು ಅತ್ಯಂತ ಸರಿಯಾಗಿ ಮಾಡಿದ ಹಾರಾಟ ಅದೇ ಎಂದು ಈಗಲೂ ನಂಬುತ್ತೇನೆ.

ಮುಂದಿನ ಭಾನುವಾರ ಕುಲುಸುಕ್ ತಿಳಿಯಾಗಿತ್ತು. ಅಲ್ಲಿಂದ ಹಿಮದ ಹಾಸು ದಾಟಿ ಪಶ್ಚಿಮ ಗ್ರೀನ್‌ಲ್ಯಾಂಡಿನ ಕಾಂಗೆರ್ಲುಸುವಾಕ್. ಕೆಳಗಿನ ಹಿಮವೇ ಎಂಟು ಸಾವಿರ ಅಡಿ ಎತ್ತರ, ನಾನು ಹತ್ತೂವರೆ ಸಾವಿರದಲ್ಲಿ. ಮೇಲೆ ಬೆಳ್ಳನೆ ಮೋಡ, ಕೆಳಗೆ ಬೆಳ್ಳನೆ ನೆಲ, ನಡುವಿನ ಗೆರೆಯೇ ಅಳಿಸಿಹೋಗಿತ್ತು. ಕಣ್ಣು ನಂಬಿದರೆ ರೆಕ್ಕೆ ವಾಲುತ್ತಿತ್ತು, ಮೀಟರ್ ನಂಬಿದರೆ ನೇರವಾಗುತ್ತಿತ್ತು. ಕಿಟಕಿ ನೋಡುವುದನ್ನೇ ಬಿಟ್ಟೆ.

ಇನ್ನೂ ಗ್ರೀನ್‌ಲ್ಯಾಂಡಿಗೂ ಕೆನಡಾಕ್ಕೂ ನಡುವಿನ ಡೇವಿಸ್ ಜಲಸಂಧಿ ಬಾಕಿ. ಗ್ರೀನ್‌ಲ್ಯಾಂಡಿನ ರಾಜಧಾನಿ ನೂಕ್‌ನಿಂದ ನೇರ ಇಕಾಲುಯಿಟ್‌ಗೆ ಅಳೆದರೆ 440 ಮೈಲಿ, ಧೈರ್ಯ ಬರಲಿಲ್ಲ. ಶಾಲೆಯ ಗ್ಲೋಬ್ ಮನೆಗೆ ತಂದು ದಾರ ಹಿಡಿದು ಉತ್ತರಕ್ಕೆ ಸರಿಸುತ್ತ ಹೋದೆ. ಆರ್ಕ್‌ಟಿಕ್ ವೃತ್ತ ದಾಟಿದ ಮೇಲೆ ನೀರು ಕಿರಿದಾಗುತ್ತದೆ: ಸಿಸಿಮಿಯುಟ್‌ನಿಂದ ಎದುರು ದಡದ ಕಿಕಿಕ್ತಾರ್‌ಜುವಾಕ್‌ಗೆ ಬರೀ 240. ದಾರದ ಆ ತುಂಡನ್ನು ನೋಟ್‌ಬುಕ್ಕಿಗೆ ಅಂಟಿಸಿಟ್ಟಿದ್ದೇನೆ.

ಪಶ್ಚಿಮಕ್ಕೆ ಹೊರಟದ್ದು ತಪ್ಪಾಯಿತು ಎಂದು ಒಪ್ಪಿಕೊಳ್ಳಬೇಕು. ಆ ಅಕ್ಷಾಂಶಗಳಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದಲೇ ಬೀಸುವುದು, ಕೆನಡಾದುದ್ದಕ್ಕೂ ಅದಕ್ಕೆ ಎದೆಗೊಟ್ಟೇ ದಾಟಿದೆ. 1964ರಲ್ಲಿ ಒಬ್ಬಳೇ ಭೂಮಿ ಸುತ್ತಿದ ಮೊದಲ ಮಹಿಳೆ ಜೆರ್ರಿ ಮಾಕ್, ಸೆಸ್ನಾ 180ರಲ್ಲಿ, ಪೂರ್ವಕ್ಕೆ ಹೋಗಿ 29 ದಿನಕ್ಕೆ ಮುಗಿಸಿದ್ದರು. ಹೊಸದಾಗಿ ಹೊರಡುವವರಿಗೆ ನಾನು ಹೇಳುವುದು ಪೂರ್ವವನ್ನೇ.

ಅಲಾಸ್ಕಾದ ನೋಮ್‌ನಿಂದ ರಷ್ಯಾದ ಪ್ರೊವಿಡೆನಿಯಾ 200 ಮೈಲಿ, ನಡುವೆ ಅಂತರರಾಷ್ಟ್ರೀಯ ದಿನಾಂಕ ರೇಖೆ. ಆಗಸ್ಟ್‌ನ ಒಂದು ಶನಿವಾರ ಬೆಳಿಗ್ಗೆ ಎಂಟಕ್ಕೆ ಹೊರಟು, ಎರಡು ಗಂಟೆ ಹಾರಿ, ಭಾನುವಾರ ಬೆಳಿಗ್ಗೆ ಆರಕ್ಕೆ ಇಳಿದೆ. ಮನೆಯಲ್ಲಿ ಇನ್ನೂ ಶನಿವಾರ ರಾತ್ರಿ ಹನ್ನೊಂದೂವರೆ. ಅಲ್ಲಿಂದ ಮುಂದೆ ಒಂಬತ್ತೂವರೆ ಕೆಲಸಕ್ಕೆ ಬರಲಿಲ್ಲ. ಜಪಾನಿನಲ್ಲಿ ಆಗ ನಡುರಾತ್ರಿ ಒಂದು ಗಂಟೆ. ಹಾರಾಟವನ್ನು ಬೆಳಗಿನ ಐದಕ್ಕೆ ಬದಲಿಸಿದೆ. ಒಕಿನಾವಾ, ಇಶಿಗಾಕಿ, ಯೊನಾಗುನಿ, ತೈವಾನ್, ಅಲ್ಲಿಂದ ಫಿಲಿಪ್ಪೀನ್ಸಿನ ಬಾಸ್ಕೊ. ಹೊಳೆಗೆ ಅಡ್ಡಲಾಗಿ ಕಲ್ಲು ಹಾಕಿದ ಹಾಗೆ ದ್ವೀಪಗಳು.

ಕೊನೆಯದು ತಿರುಪತಿಯಿಂದ ಜಕ್ಕೂರು, ಜೂನ್ ತಿಂಗಳ ಬೆಳಿಗ್ಗೆ. ಮನೆಯವಳು ಎರಡು ಲೋಟ ಕಾಫಿ ತಂದು ಪಕ್ಕದಲ್ಲೇ ಕೂತಳು. ಮೋಡದ ಸಂದಿಯಲ್ಲಿ ಜಕ್ಕೂರು ಕೆರೆ ಕಾಣಿಸಿತು. ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಇಳಿಸಿದೆ, ವೇಗ 65 ನಾಟ್‌ಗೆ ಬಂತು, ರನ್‌ವೇ ಎದುರಿಗೇ ಇತ್ತು.

"ನಮ್ಮ ಮನೆ ಎಲ್ಲಿ? ಕಾಣಲೇ ಇಲ್ಲ."

"ಹಿಂದೆ ಹೋಯ್ತು. ಈಗ ಇಳೀಬೇಕು."

"ಇನ್ನೊಂದು ಸುತ್ತು ಹೋಗಿ ರೀ, ನೋಡೋಣ."

ಥ್ರಾಟಲ್ ಪೂರ್ತಿ ಮುಂದಕ್ಕೆ ತಳ್ಳಿ, ಫ್ಲ್ಯಾಪ್ ಒಂದೊಂದೇ ಎತ್ತಿ, ಯಲಹಂಕದ ಕಡೆಗೆ ತಿರುಗಿಸಿದೆ.